ಒಂದೇ ಕಡೆಯ ಬಾಲ

ಬಾಲ ಎರಡಿರಬೇಕು. ನಮಗೆ ಸಿಕ್ಕಿದ್ದು ಒಂದೇ. ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಒಂದಾದರೂ ಸಿಕ್ಕಿತಲ್ಲ ಎಂದು ಗೈಡ್ ಸರ್ ಊರಿಂದ ಪೇಡೆ ತರಿಸಿ ಇಡೀ ವಿಭಾಗಕ್ಕೆ ಹಂಚಿದರು. ನಾನೂ ಎರಡು ಪೇಡೆ ತಿಂದೆ, ಯಾಕೆ ಸುಳ್ಳು ಹೇಳಲಿ.

ಯಾವ ಬಾಲ ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಭಾವನ ಹಾಗೆ ನೀವೂ ಧೂಮಕೇತುವಿನದು ಅಂದುಕೊಂಡುಬಿಡುತ್ತೀರಿ. ಒಂದೇ ಕಾಲಕ್ಕೆ ಹುಟ್ಟಿ ಒಟ್ಟಿಗೆ ಸಾಗುವ ನೂರಾರು ನಕ್ಷತ್ರಗಳ ಗುಂಪಿಗೆ ನಕ್ಷತ್ರಗುಚ್ಛ ಅನ್ನುತ್ತೇವೆ. ಒಂದರ ಸೆಳೆತ ಇನ್ನೊಂದನ್ನು ಹಿಡಿದಿರುತ್ತದೆ, ಆದರೆ ಆ ಹಿಡಿತ ಅಷ್ಟಕ್ಕಷ್ಟೇ. ಒಳಗೆ ಒಂದರ ಪಕ್ಕ ಒಂದು ಹಾಯುವಾಗ ದೊಡ್ಡವು ಚಿಕ್ಕವನ್ನು ನೂಕುತ್ತವೆ. ನೂಕಿಸಿಕೊಂಡ ಚಿಕ್ಕ, ಮಂಕು ನಕ್ಷತ್ರಗಳು ಅಂಚಿಗೆ ಬರುತ್ತವೆ. ಅಂಚಿನಲ್ಲಿ ಇಡೀ ಆಕಾಶಗಂಗೆಯ ಸೆಳೆತ ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ. ಚಂದ್ರನಿಂದ ಕಡಲು ಉಬ್ಬುವುದೂ ಇದೇ ಲೆಕ್ಕದಿಂದ. ಅಲ್ಲಿ ಗುಚ್ಛದ ಹಿಡಿತ ಸೋಲುತ್ತದೆ, ನಕ್ಷತ್ರ ಕಳಚಿಕೊಳ್ಳುತ್ತದೆ. ಕಳಚಿಕೊಂಡವು ಎಲ್ಲೆಂದರಲ್ಲಿ ಚೆಲ್ಲುವುದಿಲ್ಲ. ಆಕಾಶಗಂಗೆಯ ನಡುವಿನ ಕಡೆಗೆ ಜಾರಿದವು ಬೇಗ ಸುತ್ತಿ ಮುಂದೆ ಹೋಗುತ್ತವೆ, ಹೊರಗೆ ಜಾರಿದವು ಹಿಂದೆ ಬೀಳುತ್ತವೆ. ಹಾಗಾಗಿ ಗುಚ್ಛಕ್ಕೆ ಮುಂದೊಂದು, ಹಿಂದೊಂದು ಬಾಲ ಬೆಳೆಯುತ್ತದೆ.

ಅದು ಊರ ಹೊರಗಿನ ಮಾದಾಪುರದಲ್ಲಿ ಬಂಡೆ ಒಡೆದು ಸಾಫ್ಟ್‌ವೇರ್ ಕಂಪನಿಗಳಿಗೆ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ. ನಮ್ಮ ವಿಶ್ವವಿದ್ಯಾಲಯದ ಖಗೋಳ ವಿಭಾಗದಲ್ಲಿ ನನ್ನ ಜೊತೆ ಸೇರಿದವರೆಲ್ಲ ಅಮೀರ್‌ಪೇಟೆಯಲ್ಲಿ ಜಾವಾ ಕಲಿತು ಒಬ್ಬೊಬ್ಬರಾಗಿ ಖಾಲಿಯಾದರು. ಕೊನೆಗೆ ಉಳಿದವಳು ನಾನೊಬ್ಬಳೇ, ನಮ್ಮ ಯೋಜನೆಯಲ್ಲಿ ನಾನು ಮತ್ತು ಗೈಡ್ ಸರ್. ಸರ್ ಧಾರವಾಡದವರು, ನಾನು ರಾಯಚೂರಿನವಳು, ಹಾಗಾಗಿ ಆ ತೆಲುಗು ಊರಿನಲ್ಲೂ ನಮ್ಮಿಬ್ಬರದು ಕನ್ನಡವೇ. ಅವರಿಗೆ ನಿವೃತ್ತಿ ಹತ್ತಿರ ಬಂದಿತ್ತು. ಹಣ ಕೊಡುವ ಸಮಿತಿ ಬಂದು ನೋಡಿ ಯೋಜನೆ ಮುಂದುವರಿಸಿದರೆ ಅವರಿಗೂ ಇನ್ನಷ್ಟು ವರ್ಷ ಕೆಲಸ, ನನಗೂ ಫೆಲೋಶಿಪ್, ಪಿಎಚ್‌ಡಿ. ಮುಂದುವರಿಸದಿದ್ದರೆ ನಮ್ಮ ಕೆಲಸದ ಕೋಣೆ ಹೊಸ ಕಂಪ್ಯೂಟರ್ ಕೋರ್ಸಿನ ಲ್ಯಾಬ್ ಆಗುವುದೆಂದು ಮೇಲಿನವರು ಆಗಲೇ ಹೇಳಿಯಾಗಿತ್ತು. ಎಲ್ಲ ಆ ಬಾಲದ ಮೇಲೆ ನಿಂತಿತ್ತು.

ಕೆಲಸ ಏನೆಂದರೆ, ಅಜ್ಜನ ಕಾಲದಲ್ಲಿ ತೆಗೆದ ಗಾಜಿನ ಫೋಟೋ ಪ್ಲೇಟುಗಳು ನಮ್ಮಲ್ಲಿದ್ದವು. ಗಾಜಿನ ಮೇಲೆ ನಕ್ಷತ್ರಗಳು ಕಪ್ಪು ಚುಕ್ಕಿಗಳು. ಅದೇ ಆಕಾಶವನ್ನು ಇತ್ತೀಚೆಗೆ ಇನ್ನೊಂದು ಕಡೆ ಫೋಟೋ ತೆಗೆದು, ಯಂತ್ರದಲ್ಲಿ ಅಳೆಸಿ, ಫ್ಲಾಪಿಯಲ್ಲಿ ತಂದುಕೊಂಡಿದ್ದೆವು. ಹಳೆಯದರಲ್ಲಿ ಚುಕ್ಕಿ ಎಲ್ಲಿತ್ತು, ಹೊಸದರಲ್ಲಿ ಎಲ್ಲಿದೆ ಎಂದು ಕಳೆದರೆ ಅಷ್ಟು ವರ್ಷಗಳಲ್ಲಿ ಅದು ಎತ್ತ ಎಷ್ಟು ಸರಿದಿದೆ ಎಂದು ಸಿಗುತ್ತದೆ. ಗುಚ್ಛದ ನಕ್ಷತ್ರಗಳು ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಸರಿಯುತ್ತವೆ. ಬೇರೆಯವಕ್ಕೆ ಅದರ ಹಂಗಿಲ್ಲ. ಗುಚ್ಛದಿಂದ ಎಷ್ಟು ದೂರವಿದ್ದರೂ ಅದರದೇ ಚಲನೆ ಇರುವ ಚುಕ್ಕಿ ಸಿಕ್ಕರೆ, ಅದು ಅಲ್ಲಿಂದ ಕಳಚಿಕೊಂಡದ್ದು ಎಂದು ಹಿಡಿಯಬಹುದು.

ಹೊಸ ಪ್ಲೇಟಿಗೆ ಯಂತ್ರ ಇತ್ತು, ಹಳೆಯದಕ್ಕೆ ನನ್ನ ಕಣ್ಣೇ ಗತಿ. ಒಂದು ಸೂಕ್ಷ್ಮದರ್ಶಕ, ಅದರಡಿ ಗಾಜನ್ನು ಎರಡು ದಿಕ್ಕಿಗೆ ಸರಿಸುವ ಎರಡು ತಿರುಪು. ನೋಡುವ ಕೊಳವೆಯೊಳಗಿನ ಅಡ್ಡಗೆರೆಯನ್ನು ಚುಕ್ಕಿಯ ನಟ್ಟನಡುವೆ ಕೂಡಿಸಿ, ಅಲ್ಲೇ ಪಕ್ಕದಲ್ಲಿ ಕಾಣುವ ತಿರುಪಿನ ಅಂಕಿ ಓದಬೇಕು. ನೋಡುವವರು ಕಣ್ಣು ತೆಗೆಯಬಾರದು, ತೆಗೆದರೆ ಮುಂದಿನ ಚುಕ್ಕಿ ತಪ್ಪಿಹೋಗುತ್ತದೆ. ಅದಕ್ಕೇ ಒಬ್ಬರು ನೋಡಿ ಕೂಗಬೇಕು, ಇನ್ನೊಬ್ಬರು ಬರೆಯಬೇಕು. ಎಲ್ಲರೂ ಬಿಟ್ಟುಹೋದ ಮೇಲೆ ನಾನು ನೋಡುತ್ತಿದ್ದೆ, ಅಷ್ಟು ದೊಡ್ಡ ಪ್ರೊಫೆಸರ್ ಪಕ್ಕದ ಸ್ಟೂಲಿನ ಮೇಲೆ ಕೂತು ಗುಮಾಸ್ತರ ಹಾಗೆ ಬರೆದುಕೊಳ್ಳುತ್ತಿದ್ದರು. ಬಳೆ ತಾಗಿದರೆ ಗಾಜು ಗೀಚುತ್ತದೆಂದು ನಾನು ಬಳೆ ತೊಡುವುದನ್ನೇ ಬಿಟ್ಟಿದ್ದೆ. ಕುಷಾಯಿಗೂಡದಲ್ಲಿ ನಾನಿದ್ದದ್ದು ಅಕ್ಕನ ಮನೆಯಲ್ಲಿ. ಬೋಳುಗೈ ನೋಡಿದಾಗೆಲ್ಲ ಅಕ್ಕ ಮುಖ ಸಿಂಡರಿಸುತ್ತಿದ್ದಳು. ಭಾವ ದಿನಾ ಊಟಕ್ಕೆ ಕೂತಾಗ, ಬಾಲ ಬಂತೇನು ಎಂದು ಕೇಳಿ ತಾವೇ ನಗುತ್ತಿದ್ದರು.

ಒಂದೊಂದು ಚುಕ್ಕಿಗೂ ಇಷ್ಟು ಒದ್ದಾಟ ಇರುವಾಗ ಇಡೀ ಪ್ಲೇಟು ಅಳೆಯುವುದು ಯಾರಿಂದಲೂ ಆಗದ ಮಾತು. ಅದಕ್ಕೆ ಸರ್ ಒಂದು ಉಪಾಯ ಮಾಡಿದರು. ಗುಚ್ಛ ಆಕಾಶಗಂಗೆಯನ್ನು ಸುತ್ತುವ ದಾರಿ ಗೊತ್ತಿತ್ತು. ಬಾಲ ಇದ್ದರೆ ಆ ದಾರಿಗುಂಟ ಇರಬೇಕು. ಸರಿ, ಆ ದಾರಿಗುಂಟ ಒಂದು ಪಟ್ಟಿ ಎಳೆದು ಅದರೊಳಗಿನ ಚುಕ್ಕಿಗಳನ್ನು ಮಾತ್ರ ಅಳೆಯುವುದು. ನಾವು ಹಾಗೆ ಮಾಡುವುದನ್ನು ನೋಡಿ ಯಾರೂ ತಪ್ಪು ಅನ್ನಲಿಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದರು, ಬೇರೆ ದಾರಿಯೂ ಇರಲಿಲ್ಲ.

ಗುಚ್ಛ ಎರಡು ಹಳೆಯ ಪ್ಲೇಟುಗಳ ಅಂಚಿಗೆ ಬಿದ್ದಿತ್ತು, ಅದರ ಪೂರ್ವಕ್ಕೊಂದು ಪ್ಲೇಟು, ಪಶ್ಚಿಮಕ್ಕೊಂದು. ಪೂರ್ವದ ಪ್ಲೇಟಿನ ಪಟ್ಟಿಯಲ್ಲಿ ಮಂಕು ಚುಕ್ಕಿಗಳು ಗುಚ್ಛದ ಚಲನೆಯನ್ನೇ ತೋರಿಸತೊಡಗಿದವು. ಒಂದಲ್ಲ ಎರಡಲ್ಲ, ಸಾಲುಸಾಲು. ಸಿದ್ಧಾಂತ ಹೇಳುವುದೂ ಅದೇ ಅಲ್ಲವೇ, ಮೊದಲು ಕಳಚಿಕೊಳ್ಳುವವು ಮಂಕು ನಕ್ಷತ್ರಗಳೇ ಎಂದು. ಸರ್ ಬರೆಯುವುದನ್ನು ನಿಲ್ಲಿಸಿ ಎದ್ದು ಕೋಣೆಯಲ್ಲಿ ಓಡಾಡಿದರು. ಬಾಲ ತುದಿಗೆ ಹೋದಹಾಗೆ ತೆಳುವಾಗಬೇಕಿತ್ತು, ನಮ್ಮದು ಆಗಲಿಲ್ಲ. ಭಾಳ ಗಟ್ಟಿ ಬಾಲ ಐತಿ ಎಂದು ಅವರು ಅದನ್ನೂ ಹಿಗ್ಗಿನ ಲೆಕ್ಕಕ್ಕೆ ಹಾಕಿಕೊಂಡರು. ಪಶ್ಚಿಮದ ಪ್ಲೇಟಿನಲ್ಲಿ ಏನೂ ಇರಲಿಲ್ಲ. ಅದಕ್ಕೆ ಬೂಷ್ಟು ಹಿಡಿದಿತ್ತು, ಮಂಕು ಚುಕ್ಕಿಗಳು ಸರಿಯಾಗಿ ಕಾಣುತ್ತಿರಲಿಲ್ಲ. ಇನ್ನೊಂದು ಬಾಲ ಬೂಷ್ಟಿನಡಿ ಇದೆ ಎಂದುಕೊಂಡೆವು.

ಸಮಿತಿ ಬರುವುದಕ್ಕೆ ಮುಂಚೆ ಅವರ ಕಡೆಯಿಂದ ಒಂದು ಸಣ್ಣ ಪ್ರಶ್ನೆ ಬಂತು. ಪಟ್ಟಿಯ ಹೊರಗೆ, ಗುಚ್ಛಕ್ಕೆ ಸಂಬಂಧವೇ ಇಲ್ಲದ ಜಾಗದಲ್ಲಿ ಇಂಥ ಚಲನೆಯ ನಕ್ಷತ್ರಗಳು ಎಷ್ಟಿವೆ, ಹೋಲಿಸಲು ಬೇಕು, ಅಂತ. ಕೇಳಬೇಕಾದ ಪ್ರಶ್ನೆಯೇ. ಸರ್ ಆ ವಾರ ಊರಲ್ಲಿರಲಿಲ್ಲ. ವಿಭಾಗದ ಜವಾನ ದೊಡ್ಡ ಮನಸ್ಸು ಮಾಡಿ ಬರೆಯಲು ಕೂತ, ನಾನು ಪೂರ್ವದ ಪ್ಲೇಟಿನ ಅಂಚಿಗೆ ಹೋಗಿ, ಪಟ್ಟಿಯಿಂದ ಎಷ್ಟೋ ದೂರದ ಒಂದು ತುಣುಕು ಜಾಗ ಆರಿಸಿ ಅಳೆದೆ. ಅಲ್ಲಿ ಒಂದೋ ಎರಡೋ ಸಿಗಬೇಕು, ಅದೂ ಅಕಸ್ಮಾತ್ತಾಗಿ.

ಲೆಕ್ಕ ಮಾಡಿದರೆ ಅಲ್ಲಿದ್ದ ಮಂಕು ಚುಕ್ಕಿಗಳೆಲ್ಲ ಗುಚ್ಛದ ಚಲನೆ ತೋರಿಸುತ್ತಿದ್ದವು. ಎಲ್ಲವೂ. ಬಾಲ ಅಲ್ಲಿಗೂ ಬಂತೇ ಎಂದು ಒಂದು ಕ್ಷಣ ಹುಚ್ಚಿಯ ಹಾಗೆ ಅಂದುಕೊಂಡೆ. ಆಮೇಲೆ, ಎರಡು ಪ್ಲೇಟಿನ ಅಂಕಿ ಕಳೆಯುವ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಏನೋ ಎಡವಟ್ಟಾಗಿದೆ ಎಂದು ಸಮಾಧಾನ ಮಾಡಿಕೊಂಡೆ. ಪ್ರೋಗ್ರಾಮಿನ ತಪ್ಪಾದರೆ ತಿದ್ದಬಹುದು, ತಿದ್ದಿದ ಮೇಲೆ ಆ ತುಣುಕಿನ ಚುಕ್ಕಿಗಳು ಬಿಟ್ಟುಹೋಗಿ ಪಟ್ಟಿಯವು ಮಾತ್ರ ಉಳಿದಾವು.

ಪ್ರೋಗ್ರಾಮ್ ಬರೆದವನು ನಮ್ಮ ಸೀನಿಯರ್. ಉಡುಪಿ ಕಡೆಯವನು, ಪಿಎಚ್‌ಡಿ ಅರ್ಧಕ್ಕೆ ಬಿಟ್ಟು ಮಾದಾಪುರದ ಕಂಪನಿ ಸೇರಿದ್ದ. ಎರಡು ಬಸ್ಸು ಬದಲಿಸಿ, ಧೂಳು ಕುಡಿದು, ಪ್ರಿಂಟ್‌ಔಟಿನ ಕಟ್ಟು ಬಗಲಲ್ಲಿಟ್ಟುಕೊಂಡು ಹೋದೆ. ಒಳಗೆ ಬಿಡಲಿಲ್ಲ. ಅವನೇ ಕೊರಳಲ್ಲಿ ಬಿಲ್ಲೆ ತೂಗುಹಾಕಿಕೊಂಡು ಇಳಿದು ಬಂದ, ಗೇಟಿನೆದುರಿನ ಚಹಾ ಬಂಡಿಯ ಹತ್ತಿರ ನಿಂತು ಹಾಳೆ ತಿರುವಿದ. ಸರ್ ಹೇಗಿದ್ದಾರೆ ಎಂದ, ನೀನು ಯಾವಾಗ ಈ ಕಡೆ ಬರ್ತೀ ಎಂದ. ಮೊದಲು ಹಾಳೆ ನೋಡು ಮಹಾರಾಯ ಎಂದು ರೇಗಿದೆ.

ಅವನು ನೋಡಿದ. ನಗು ಹೋಯಿತು. ಎರಡು ಪ್ಲೇಟನ್ನು ಒಂದರ ಮೇಲೊಂದು ಹೊಂದಿಸಲು ಯಾವ ನಕ್ಷತ್ರ ಬಳಸಿದ್ದೆವು ಎಂದು ತಾನೇ ಕೇಳಿ ತಾನೇ ಹೇಳಿದ: ಪ್ರಖರವಾದವು, ಯಾಕೆಂದರೆ ಅವುಗಳ ನಿಖರ ಸ್ಥಾನ ಮಾತ್ರ ಮೊದಲೇ ದಾಖಲಾಗಿದ್ದದ್ದು.

"ಪ್ರೋಗ್ರಾಮಿನಲ್ಲಿ ಎಂಥದ್ದೂ ತಪ್ಪಿಲ್ಲ ಮಾರಾಯ್ತಿ," ಅಂದ. "ನಾವು ಹೊಡೆದ ಗೂಟಕ್ಕೆ ಅದು ಹಗ್ಗ ಕಟ್ಟಿದೆ. ಗೂಟವೇ ಜರುಗಿದ್ರೆ ಅದು ಎಂಥ ಮಾಡ್ತದೆ? ಹೋಗಿ ದೊಡ್ಡ ಚುಕ್ಕಿಗಳನ್ನ ಸರಿಯಾಗಿ ನೋಡು. ಉರುಟು ಉಂಟಾ ನೋಡು."

ಮರುದಿನ ಪೂರ್ವದ ಪ್ಲೇಟನ್ನು ಸೂಕ್ಷ್ಮದರ್ಶಕದಡಿ ಇಟ್ಟು ಪ್ರಖರ ನಕ್ಷತ್ರಗಳ ದೊಡ್ಡ ಚುಕ್ಕಿಗಳನ್ನು ಒಂದೊಂದಾಗಿ ನೋಡಿದೆ. ಯಾವುದೂ ದುಂಡಗಿರಲಿಲ್ಲ. ಪ್ರತಿಯೊಂದಕ್ಕೂ ಒಂದು ಬದಿಗೆ ನಸುಗಪ್ಪು ಭುಜ. ಹಳೆಯ ಕಾಲದಲ್ಲಿ ಫೋಟೋ ತೆಗೆಯುವಾಗ, ಮುಗಿಯುವ ಹೊತ್ತಿಗೆ ದೂರದರ್ಶಕ ಒಂದಿಷ್ಟು ಜಾರಿದೆ. ಜಾರಿದ ಮೇಲೆ ಉಳಿದಿದ್ದ ಅಷ್ಟು ಸ್ವಲ್ಪ ಹೊತ್ತಿನಲ್ಲಿ ಮಂಕು ನಕ್ಷತ್ರಗಳು ಗಾಜಿನ ಮೇಲೆ ಗುರುತೇ ಬಿಡಲಿಲ್ಲ, ಪ್ರಖರವಾದವು ಬಿಟ್ಟವು. ಹಾಗಾಗಿ ಅವುಗಳ ನಡು ಒಂದು ಬದಿಗೆ ಸರಿಯಿತು. ನಾವು ಸರಿದ ಗೂಟಗಳನ್ನು ಸ್ಥಿರ ಎಂದು ಹಿಡಿದೆವು, ಅವುಗಳ ಲೆಕ್ಕದಲ್ಲಿ ಮಂಕು ಚುಕ್ಕಿಗಳೆಲ್ಲ ಎದುರು ದಿಕ್ಕಿಗೆ ಸರಿದಂತೆ ಕಂಡವು. ನಮ್ಮ ಕರ್ಮಕ್ಕೆ ಆ ದಿಕ್ಕು, ಆ ಅಳತೆ ಗುಚ್ಛದ ಚಲನೆಗೇ ಹೊಂದಿಕೊಂಡಿತು. ಪ್ಲೇಟಿನ ತುಂಬ ಎಲ್ಲ ಚುಕ್ಕಿಯೂ ಬಾಲವೇ. ನಾವು ಪಟ್ಟಿಯೊಳಗೆ ಮಾತ್ರ ನೋಡಿದ್ದರಿಂದ ಅದು ಬಾಲದ ಆಕಾರದಲ್ಲಿ ಕಂಡಿತು, ಅಷ್ಟೇ.

ಆವತ್ತು ಅಕ್ಕನ ಮನೆಗೆ ಬಂದು ಉಣ್ಣದೆ ಮಲಗಿದೆ. ಭಾವ ಏನೂ ಕೇಳಲಿಲ್ಲ. ಮೂರ್ನಾಲ್ಕು ವರ್ಷ ಸವೆಸಿದ ಕಣ್ಣು ನನ್ನದು, ಅದನ್ನು ಯಾರ ತಲೆಗೆ ಕಟ್ಟಲಿ? ಎಂದೋ ಸತ್ತುಹೋಗಿರುವ ಯಾವನೋ ದೂರದರ್ಶಕ ಹಿಡಿದವನನ್ನು ಬಾಯಿಗೆ ಬಂದಹಾಗೆ ಬೈದೆ. ಅವನದಾದರೂ ಏನು ತಪ್ಪು, ಗಾಳಿ ಬೀಸಿತೋ, ದೂರದರ್ಶಕ ತಿರುಗಿಸುವ ಸರಪಳಿ ಜಾರಿತೋ.

ಸರ್ ಊರಿಂದ ಬಂದ ಮೇಲೆ ತೋರಿಸಿದೆ. ಅವರು ಭುಜವಿದ್ದ ಚುಕ್ಕಿಗಳನ್ನು ನೋಡಿದರು, ನನ್ನ ತುಣುಕಿನ ಲೆಕ್ಕವನ್ನೂ ನೋಡಿದರು. ಭಾಳ ಹೊತ್ತು ಕನ್ನಡಕ ಒರೆಸಿದರು.

"ಇದನ್ನ ಕಮಿಟಿಗೆ ತೋರಸಬ್ಯಾಡ," ಅಂದರು. "ನೀ ಅಳತಿ ಮಾಡಿದ್ದು ಒಂದು ಮೂಲಿ. ಒಂದು ಮೂಲಿ ನೋಡಿ ಇಡೀ ಪ್ಲೇಟು ಕೆಟ್ಟೈತಿ ಅಂತ ಹೆಂಗ ಹೇಳತಿ? ಅವರು ಹೋಗಲಿ. ಆಮ್ಯಾಲ ಪೂರಾ ನೋಡೋಣು."

ನಾನು ಹಾಳೆಯನ್ನು ಮಡಚದೆ ಬ್ಯಾಗಿಗೆ ಹಾಕಿಕೊಂಡೆ. ಅವರ ಮಾತಿನಲ್ಲೂ ತಿರುಳಿತ್ತು. ಜಾರಿಕೆಯ ಪೆಟ್ಟು ಪ್ಲೇಟಿನ ಎಲ್ಲ ಕಡೆಗೂ ಒಂದೇ ಸಮ ಬೀಳದೆಯೂ ಇರಬಹುದು, ನಡುವೆ ಒಂದಿಷ್ಟು ಬಾಲ ನಿಜವೇ ಇರಬಹುದು. ಆದರೆ ಅದನ್ನು ತಿಳಿಯಲು ಉಳಿದದ್ದನ್ನೆಲ್ಲ ಅಳೆಯಬೇಕು, ಅಳೆಯಲು ಯೋಜನೆ ಬೇಕು, ಯೋಜನೆಗೆ ಬಾಲ ಬೇಕು. ಈ ಗಾಣ ಸುತ್ತಿ ಸುತ್ತಿ ನನಗೆ ತಲೆ ಕೆಟ್ಟಿತು.

ಸಮಿತಿ ಬಂತು. ಐದಾರು ಜನ ಹಿರಿಯರು, ಇಂಗ್ಲಿಷು, ಮಿನರಲ್ ನೀರಿನ ಬಾಟಲಿ. ಸರ್ ಬಾಲದ ಹಾಳೆಯನ್ನು ಪ್ರೊಜೆಕ್ಟರಿನ ಮೇಲಿಟ್ಟು ಮಾತಾಡಿದರು, ಅಷ್ಟು ಚೆನ್ನಾಗಿ ಅವರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಹೋಲಿಕೆಯ ಜಾಗ ಇನ್ನೂ ಅಳೆಯುತ್ತಿದ್ದೇವೆ ಅಂದರು. ಅದು ಸುಳ್ಳೂ ಆಗಿರಲಿಲ್ಲ. ಆಗ ಅಧ್ಯಕ್ಷರು ನನ್ನ ಕಡೆ ತಿರುಗಿ, ಅಳೆಯುವವರು ನೀವಲ್ಲವೇ, ಇಲ್ಲಿವರೆಗೆ ಅಲ್ಲಿ ಏನು ಕಂಡಿತು, ಎಂದು ಕೇಳಿದರು.

ಸತ್ಯದ ಮೇಲಿನ ಪ್ರೀತಿಯಿಂದ ಹೇಳಿದೆ ಅಂತ ಯಾರೂ ತಿಳಿಯಬೇಡಿ. ಸಿಟ್ಟಿನಿಂದ ಹೇಳಿದೆ. ಇನ್ನು ಮೂರು ವರ್ಷ ಬಳೆ ಬಿಚ್ಚಿಟ್ಟು ಆ ಗಾಜಿಗೆ ಕಣ್ಣು ಹಚ್ಚಿ, ಇಲ್ಲದ ಬಾಲವನ್ನು ಒಂದೊಂದೇ ಚುಕ್ಕಿಯಾಗಿ ಬೆಳೆಸುವುದು ನನ್ನಿಂದ ಆಗುತ್ತಿರಲಿಲ್ಲ. ಬ್ಯಾಗಿನಲ್ಲಿದ್ದ ನನ್ನ ತುಣುಕಿನ ಹಾಳೆ ತೆಗೆದು ಸರ್ ಹಾಳೆಯ ಪಕ್ಕ ಇಟ್ಟೆ. ಎರಡೂ ಒಂದೇ ಥರ ಕಂಡವು. ವಿವರಿಸಿದೆ. ದೊಡ್ಡ ಚುಕ್ಕಿಗಳ ಭುಜದ ಸಂಗತಿಯನ್ನೂ ಪೂರ್ತಿ ಹೇಳಿದೆ. ಸರ್ ಕಡೆ ನೋಡುವ ಧೈರ್ಯ ಬರಲಿಲ್ಲ.

ಅಧ್ಯಕ್ಷರು ನನ್ನನ್ನು ಬಾಯಿ ತುಂಬ ಹೊಗಳಿದರು. ಇಂಥ ಪ್ರಾಮಾಣಿಕತೆ ಈ ಕಾಲದಲ್ಲಿ ಅಪರೂಪ ಅಂದರು. ಅದೇ ಉಸಿರಿನಲ್ಲಿ, ಈ ಪ್ಲೇಟುಗಳಿಂದ ಈ ಪ್ರಶ್ನೆಗೆ ಉತ್ತರ ಸಿಗದೆಂದು ಸ್ಪಷ್ಟವಾದ್ದರಿಂದ ಯೋಜನೆ ಮುಂದುವರಿಸಲು ಕಾರಣ ಕಾಣುವುದಿಲ್ಲ ಅಂದರು. ಆ ಹೊಗಳಿಕೆಯನ್ನು ಕಟ್ಟಿಕೊಂಡು ಏನು ಮಾಡಲಿ? ಎಲ್ಲರೂ ಊಟಕ್ಕೆ ಎದ್ದರು.

ಸರ್ ನನ್ನೊಡನೆ ಮಾತು ಬಿಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ಬಾಲವಿಲ್ಲದೆ ನನ್ನ ಪ್ರಬಂಧದಲ್ಲಿ ಹೇಳಲು ಏನೂ ಉಳಿಯಲಿಲ್ಲ, ಎಂಫಿಲ್‌ಗೆ ಸಾಕಾದೀತು ಎಂದು ಡೀನ್ ಆಫೀಸಿನಲ್ಲಿ ಹೇಳಿದರು. ಬೇರೆ ಗೈಡ್ ಕೇಳಿದೆ, ಎಲ್ಲರಿಗೂ ಕಂಪ್ಯೂಟರ್ ಕೋರ್ಸಿನ ಪಾಠ ಬಿದ್ದಿತ್ತು, ಯಾರೂ ಒಪ್ಪಲಿಲ್ಲ. ನಾನು ವಿಭಾಗಕ್ಕೆ ಹೋಗುವುದನ್ನೇ ನಿಲ್ಲಿಸಿದೆ. ಅಕ್ಕ ಹೊಸ ಬಳೆ ತಂದು ತೊಡಿಸಿದಳು, ನಾನು ಸುಮ್ಮನೆ ಕೈ ಕೊಟ್ಟೆ.

ಅವರ ನಿವೃತ್ತಿಯ ವಾರ ಪಕ್ಕದ ಮನೆಗೆ ಫೋನ್ ಬಂತು. ಸರ್. ಪ್ಲೇಟು ಇನ್ನೂ ಸೂಕ್ಷ್ಮದರ್ಶಕದ ಕೆಳಗೇ ಐತಿ, ನಾಳೆ ಒಂದು ದಿನ ಬಂದು ಹೋಗು ಎಂದಷ್ಟೇ ಹೇಳಿ ಇಟ್ಟರು. ಹೋದೆ. ಏನಾದರೂ ಅಂದರೆ ನಾನೂ ಸುಮ್ಮನಿರುವುದಿಲ್ಲ ಎಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋದೆ.

ಕೋಣೆಯಲ್ಲಿ ಬಡಗಿಗಳು ಲ್ಯಾಬಿನ ಮೇಜುಗಳಿಗೆ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು. ಕಪಾಟುಗಳು ಆಗಲೇ ನೆಲಮಾಳಿಗೆಗೆ ಹೋಗಿದ್ದವು, ಕಂಪ್ಯೂಟರೂ ಇರಲಿಲ್ಲ. ಸರ್ ಸೂಕ್ಷ್ಮದರ್ಶಕದ ಮುಂದೆ, ನಾನು ಕೂಡುವ ಜಾಗದಲ್ಲಿ ಕೂತಿದ್ದರು.

"ಇವತ್ತು ನಾ ನೋಡತೀನಿ, ನೀ ಬರಕೋ," ಅಂದರು. "ಆಚಿ ಮೂಲಿ ಒಂದು ಉಳದೈತಿ."

"ಯಾರಿಗಾಗಿ ಸರ? ಇದನ್ನ ಯಾರು ಕೇಳತಾರ ಇನ್ನ?"

"ಯಾರೂ ಕೇಳಂಗಿಲ್ಲ," ಅಂದರು. "ಬರಕೋ."

ನಾನು ಸ್ಟೂಲಿನ ಮೇಲೆ ಕೂತೆ. ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ. ಅವರು ಅಂಕಿ ಕೂಗುತ್ತಿದ್ದರು, ನಾನು ಬರೆದುಕೊಂಡು, ಹೊಸ ಪ್ಲೇಟಿನ ಅಂಕಿಯ ಜೊತೆ ಕ್ಯಾಲ್ಕುಲೇಟರಿನಲ್ಲಿ ಕಳೆದು ನೋಡುತ್ತಿದ್ದೆ. ಅವರಿಗೆ ಅಳೆಯುವ ರೂಢಿ ತಪ್ಪಿತ್ತು, ಆದರೂ ಅಡ್ಡಗೆರೆಯನ್ನು ಸರಿಯಾಗಿಯೇ ಕೂಡಿಸುತ್ತಿದ್ದರು. ಪ್ರತಿ ಚುಕ್ಕಿ ಆದಮೇಲೂ ಎಷ್ಟು ಬಂತು ಎಂದು ಕೇಳುವರು. ಅದೇ ಚಲನೆ ಬಂತು ಎಂದು ನಾನು ಹೇಳುವೆ. ತಿರುಪು ತಿರುಗಿಸಿ ಮುಂದಿನದಕ್ಕೆ ಹೋಗುವರು. ಬಡಗಿಗಳು ಮಧ್ಯಾಹ್ನದ ಊಟಕ್ಕೆ ಹೋಗಿ ಬಂದರು. ನಾವು ಏಳಲಿಲ್ಲ.

ಮೊದಲು ನಾನು, ಹಿಡಿದ ಕೆಲಸ ಅರ್ಧಕ್ಕೆ ಬಿಡಬಾರದೆಂಬ ಮಾಸ್ತರಿಕೆಯ ಹಟ ಇದು ಅಂದುಕೊಂಡಿದ್ದೆ. ಸಂಜೆಯಾಗುತ್ತ ಬಂದಾಗ ತಿಳಿಯಿತು. ಒಂದೊಂದು ಸಲ ಎಷ್ಟು ಬಂತು ಎಂದು ಕೇಳುವಾಗಲೂ ಅವರ ಧ್ವನಿ ಬೇರೆಯಾಗುತ್ತಿತ್ತು. ಆ ಮೂಲೆಯಲ್ಲಿ ಕೆಲವು ಚುಕ್ಕಿಗಳಾದರೂ ಆ ಚಲನೆ ತೋರಿಸದೇ ಹೋದರೆ, ಜಾರಿಕೆ ಎಲ್ಲ ಕಡೆ ಬಿದ್ದಿಲ್ಲ ಎಂದಾಗುತ್ತದೆ, ಪಟ್ಟಿಯೊಳಗಿನದರಲ್ಲಿ ಸ್ವಲ್ಪವಾದರೂ ನಿಜ ಎನ್ನಲು ದಾರಿ ಇರುತ್ತದೆ. ಯೋಜನೆ ಮುಚ್ಚಿತ್ತು, ಕೋಣೆ ಹೋಗಿತ್ತು, ಅವರ ನೌಕರಿಯೂ ಮುಗಿದಿತ್ತು. ಅವರು ಇನ್ನೂ ಬಾಲ ಹುಡುಕುತ್ತಿದ್ದರು.

ಕೊನೆಯ ಚುಕ್ಕಿಯ ಅಂಕಿ ಕೂಗಿದರು. ನಾನು ಕಳೆದೆ. ಒಂದು ಅಂಕಿ ಬದಲಿಸಿ ಹೇಳಿಬಿಡಲೇ ಅನ್ನಿಸಿತು, ನಿಜ ಹೇಳುತ್ತೇನೆ. ಎದುರಿಗೆ ಸಮಿತಿ ಇರಲಿಲ್ಲ, ಯಾರಿಗೂ ಏನೂ ನಷ್ಟವಿರಲಿಲ್ಲ, ಆ ಮುದುಕರು ಒಂದು ಚುಕ್ಕಿಯನ್ನಾದರೂ ಮನೆಗೆ ಒಯ್ಯುತ್ತಿದ್ದರು.

"ಎಷ್ಟು ಬಂತವಾ?"

"ಅದೇ ಬಂತ್ರಿ ಸರ."

ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ.

"ಇನ್ನೊಮ್ಮೆ ಕಳದು ನೋಡು," ಅಂದರು.

ನಾನು ಇನ್ನೊಮ್ಮೆ ಕಳೆದೆ.